ನೂಲಿನ ಹೆಡಲ್

ನೂಲಿನ ಹೆಡಲ್ ಎಂಬುದು ಕೈಮಗ್ಗದಲ್ಲಿ ಹಾಸಿನ ಎಳೆಗಳನ್ನು ಒಟ್ಟೊಟ್ಟಾಗಿ ಎತ್ತುವುದಕ್ಕೆ ಅಥವಾ ಇಳಿಸುವುದಕ್ಕೆ ಬಳಸುವ, ದಾರದಿಂದ ಕಟ್ಟಿದ ಕುಣಿಕೆ. ಒಂದೊಂದು ಕುಣಿಕೆಯೂ ಹಾಸಿನ ಒಂದೊಂದು ಎಳೆಯನ್ನು ಹಿಡಿದಿರುತ್ತದೆ. ಇಂತಹ ನೂರಾರು ಕುಣಿಕೆಗಳನ್ನು ಒಂದು ಕೋಲಿಗೆ ಸಾಲಾಗಿ ಪೋಣಿಸಿದಾಗ, ಆ ಕೋಲನ್ನು ಎತ್ತಿದ ಕೂಡಲೇ ಅದಕ್ಕೆ ಸೇರಿದ ಎಳೆಗಳೆಲ್ಲವೂ ಮೇಲೇಳುತ್ತವೆ. ಉಳಿದವು ಕೆಳಗೇ ನಿಲ್ಲುತ್ತವೆ. ನಡುವೆ ತೆರೆದುಕೊಳ್ಳುವ ದಾರಿಯಲ್ಲಿ ಲಾಳಿಯು ಹೊಕ್ಕಿನ ನೂಲನ್ನು ಎಳೆದುಕೊಂಡು ಒಂದೇ ಸಲಕ್ಕೆ ಆಚೆ ಬದಿಗೆ ಸಾಗುತ್ತದೆ. ಕಬ್ಬಿಣದ ತಂತಿಯ ಹೆಡಲ್‌ಗಳು ಬಳಕೆಗೆ ಬರುವ ಮೊದಲು ಜಗತ್ತಿನ ಬಹುತೇಕ ಮಗ್ಗಗಳು ದಾರದ ಕುಣಿಕೆಗಳಿಂದಲೇ ನಡೆಯುತ್ತಿದ್ದವು. ದಾರ, ಕೋಲು ಮತ್ತು ಸರಿಯಾದ ಅಳತೆ, ಈ ಮೂರರ ಹೊರತು ಇದಕ್ಕೆ ಬೇರೆ ಸಾಮಗ್ರಿ ಬೇಕಿಲ್ಲ. ಮೂರರಲ್ಲಿ ಅಳತೆಯೇ ಮುಖ್ಯ. ಕುಣಿಕೆಗಳ ಉದ್ದದಲ್ಲಿ ಹೆಚ್ಚುಕಡಿಮೆಯಾದರೆ ಬಟ್ಟೆ ಕೆಡುತ್ತದೆ.

ಹೆಸರು

ಇಂಗ್ಲಿಷಿನಲ್ಲಿ ಇದಕ್ಕೆ ಹೆಡಲ್ ಎಂದೂ ಹೀಲ್ಡ್ ಎಂದೂ ಎರಡು ಹೆಸರುಗಳಿವೆ. ಕನ್ನಡದಲ್ಲಿ ಮಗ್ಗದ ಭಾಗಗಳ ಹೆಸರುಗಳು ಸೀಮೆಯಿಂದ ಸೀಮೆಗೆ ಬದಲಾಗುತ್ತವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಂತಹ ಗಡಿನಾಡಿನ ಊರುಗಳಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತುಗಳಾಗಿರುವುದರಿಂದ ಕನ್ನಡದ ಹಾಸು, ಹೊಕ್ಕು ಎಂಬ ಜೋಡಿಯ ಪಕ್ಕದಲ್ಲಿಯೇ ತೆಲುಗಿನ ಪಡುಗು, ಪೇಕ ಎಂಬ ಜೋಡಿಯೂ ನಿಲ್ಲುತ್ತದೆ. ಬಟ್ಟೆಯ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಅಡ್ಡಲಾಗಿ ತೂರುವ ಎಳೆ ಹೊಕ್ಕು. ಒಂದು ವಿಷಯ ಇನ್ನೊಂದರಲ್ಲಿ ಬೇರ್ಪಡಿಸಲಾಗದಂತೆ ಬೆರೆತಾಗ ‘ಹಾಸುಹೊಕ್ಕಾಗಿದೆ’ ಎನ್ನುವ ರೂಢಿ ಬಂದಿರುವುದು ಇಲ್ಲಿಂದಲೇ.

ಹೆಡಲ್ ಮತ್ತು ಹಣಿಗೆ ಒಂದೇ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಹಣಿಗೆಯು ಬಾಚಣಿಗೆಯಂತೆ ಹಲ್ಲುಗಳಿರುವ ಚೌಕಟ್ಟು. ಎಳೆಗಳ ನಡುವಣ ಅಂತರವನ್ನು ಕಾಯುವುದು ಮತ್ತು ತೂರಿದ ಹೊಕ್ಕನ್ನು ಬಟ್ಟೆಯ ಅಂಚಿಗೆ ಬಡಿದು ಕೂರಿಸುವುದು ಅದರ ಕೆಲಸ. ಎಳೆಯನ್ನು ಎತ್ತುವುದು ಹೆಡಲ್‌ನ ಕೆಲಸ. ಎರಡೂ ಕೆಲಸಗಳನ್ನು ಒಂದೇ ಹಲಗೆಯಲ್ಲಿ ಮಾಡುವ, ಸೀಳು ಮತ್ತು ರಂಧ್ರಗಳು ಒಂದಾದ ಮೇಲೊಂದು ಇರುವ ಗಡಸು ಹೆಡಲ್ ಕೂಡ ಉಂಟು. ಗೊಂದಲಕ್ಕೆ ಅದೂ ಒಂದು ಕಾರಣವಾಗಿರಬಹುದು.

ಕೆಲಸದ ಉಳಿತಾಯ

ಹೆಡಲ್ ಇಲ್ಲದೆಯೂ ನೇಯಬಹುದು. ಚೌಕಟ್ಟಿಗೆ ಎಳೆಗಳನ್ನು ಬಿಗಿದು, ದಬ್ಬಳದಂತಹ ಉದ್ದ ಸೂಜಿಗೆ ನೂಲು ಪೋಣಿಸಿ, ಒಂದು ಎಳೆಯ ಮೇಲೆ, ಮುಂದಿನ ಎಳೆಯ ಕೆಳಗೆ ಹೀಗೆ ದಾಟಿಸುತ್ತ ಹೋದರೆ ಬಟ್ಟೆಯಾಗುತ್ತದೆ. ಹರಿದ ಬಟ್ಟೆಗೆ ರಫು ಹಾಕುವ ಕ್ರಮವೇ ಇದು. ಆದರೆ ಈ ಕ್ರಮದಲ್ಲಿ ತಗಲುವ ಶ್ರಮವನ್ನು ಲೆಕ್ಕ ಹಾಕಿ ನೋಡಬೇಕು. 30 ಸೆಂಟಿಮೀಟರ್ ಅಗಲದ ಬಟ್ಟೆಗೆ ಸೆಂಟಿಮೀಟರಿಗೆ 10 ಎಳೆಗಳಂತೆ 300 ಎಳೆಗಳು ಬೇಕು. ಹೊಕ್ಕಿನ ಒಂದು ಸಾಲಿಗೆ ಸೂಜಿಯು 150 ಎಳೆಗಳ ಕೆಳಗೆ ನುಸುಳಬೇಕು. ಸೆಂಟಿಮೀಟರಿಗೆ 10 ಹೊಕ್ಕುಗಳಂತೆ ಒಂದು ಮೀಟರ್ ಬಟ್ಟೆಗೆ 1,000 ಸಾಲು; ಅಂದರೆ ಎಳೆಯನ್ನು ಎತ್ತಿ ಸೂಜಿ ನುಸುಳಿಸುವ ಕೆಲಸ 1,50,000 ಸಲ. ಹೆಡಲ್ ಕಟ್ಟಿದ ಮಗ್ಗದಲ್ಲಿ ಅದೇ ಒಂದು ಮೀಟರಿಗೆ 500 ಸಲ ಒಂದು ಗುಂಪನ್ನೂ 500 ಸಲ ಇನ್ನೊಂದು ಗುಂಪನ್ನೂ ಎತ್ತಿದರೆ ಸಾಕು. ಹೆಡಲ್ ಕಟ್ಟುವ ಶ್ರಮವಾದರೂ ಒಂದೇ ಬಾರಿಯದು.

1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿಗೆ ಹಕ್ಕುಸ್ವಾಮ್ಯ ಪಡೆದದ್ದನ್ನು ನೇಯ್ಗೆಯ ವೇಗದ ಇತಿಹಾಸದಲ್ಲಿ ದೊಡ್ಡ ಹೆಜ್ಜೆಯೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ನಿಜವೇ. ಆದರೆ ಲಾಳಿ ಹಾರಬೇಕಾದರೆ ಮೊದಲು ದಾರಿ ತೆರೆದಿರಬೇಕು. ಆ ದಾರಿಯನ್ನು ತೆರೆದ ದಾರದ ಕುಣಿಕೆಗೆ ಯಾರ ಹೆಸರೂ ಅಂಟಿಕೊಂಡಿಲ್ಲ.

ದಾರದ ಆಯ್ಕೆ

ಹೆಡಲ್‌ನ ದಾರ ನುಣುಪಾಗಿರಬೇಕು, ಚೆನ್ನಾಗಿ ಹುರಿಗೊಂಡಿರಬೇಕು, ಎಳೆದಾಗ ಹಿಗ್ಗಬಾರದು. ಹಲವು ಎಳೆ ಕೂಡಿಸಿ ಹೊಸೆದ ಗಟ್ಟಿ ಹತ್ತಿಯ ದಾರ ಸಾಂಪ್ರದಾಯಿಕ ಆಯ್ಕೆ. ಹತ್ತಿದಾರಕ್ಕೆ ಜೇನುಮೇಣ ಸವರಿದರೆ ಜುಂಗು ಅಡಗಿ ನುಣುಪಾಗುತ್ತದೆ. ಪಾಲಿಯೆಸ್ಟರ್ ದಾರ ಹಿಗ್ಗುವುದು ಕಡಿಮೆ, ಬಾಳಿಕೆಯೂ ಹೆಚ್ಚು. ಮೀನು ಹಿಡಿಯುವ ನೈಲಾನ್ ದಾರ ನೋಡಲು ನುಣುಪಾಗಿದ್ದರೂ ಅದರಲ್ಲಿ ಗಂಟು ನಿಲ್ಲುವುದಿಲ್ಲ. ಉಣ್ಣೆಯ ದಾರವನ್ನಂತೂ ಬಳಸಲೇಬಾರದು. ಅದು ಹಿಗ್ಗುತ್ತದೆ, ಪಕ್ಕದ ಎಳೆಗಳಿಗೆ ಅಂಟುತ್ತದೆ. ಹೆಡಲ್‌ನ ದಾರವು ಹಾಸಿನ ನೂಲಿಗಿಂತ ಒರಟಾಗಿದ್ದರೆ ಸಾವಿರಾರು ಸಲ ಉಜ್ಜುವ ಹೊತ್ತಿಗೆ ಹಾಸು ಸವೆದು ತುಂಡಾಗುತ್ತದೆ. ಎರಡು ಗುಂಪುಗಳಿಗೆ ಎರಡು ಬಣ್ಣದ ದಾರ ಬಳಸುವುದು ಒಳ್ಳೆಯ ಅಭ್ಯಾಸ. ತಪ್ಪು ಹುಡುಕುವಾಗ ಇದರ ಬೆಲೆ ತಿಳಿಯುತ್ತದೆ.

ಒಂದು ಕೋಲಿನ ಹೆಡಲ್

ಇದು ಅತ್ಯಂತ ಸರಳವಾದ ಬಗೆ. ನಾಲ್ಕು ಪಟ್ಟಿಗಳ ಮರದ ಚೌಕಟ್ಟಿನಲ್ಲಿಯೂ, ಸೊಂಟಕ್ಕೆ ಪಟ್ಟಿ ಬಿಗಿದು ನೇಯುವ ಮಗ್ಗದಲ್ಲಿಯೂ ಇದನ್ನು ಕಟ್ಟಬಹುದು. ಈಶಾನ್ಯ ಭಾರತದ ನಾಗಾಲ್ಯಾಂಡ್, ಮಣಿಪುರ ಮೊದಲಾದ ರಾಜ್ಯಗಳ ಮಹಿಳೆಯರು ಸೊಂಟದ ಮಗ್ಗದಲ್ಲಿ ನೇಯುವ ಶಾಲುಗಳಿಗೂ, ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ನೇಯ್ಗೆಗೂ ಇದೇ ತತ್ತ್ವ ಆಧಾರ.

ಇಲ್ಲಿ ಎಳೆಗಳ ಎರಡು ಗುಂಪುಗಳಲ್ಲಿ ಒಂದಕ್ಕೆ ಮಾತ್ರ ಕುಣಿಕೆ ಬೇಕು. ಇನ್ನೊಂದನ್ನು ಒಂದು ಚಪ್ಪಟೆ ಪಟ್ಟಿ ನೋಡಿಕೊಳ್ಳುತ್ತದೆ. ಮೊದಲು ಸುಮಾರು 3 ಸೆಂಟಿಮೀಟರ್ ಅಗಲದ ನುಣುಪಾದ ಪಟ್ಟಿಯನ್ನು ಹಾಸಿನಲ್ಲಿ ಒಂದು ಬಿಟ್ಟು ಒಂದು ಎಳೆಯ ಕೆಳಗೆ ತೂರಿಸಬೇಕು. ಬೆಸ ಸಂಖ್ಯೆಯ ಎಳೆಗಳು (1, 3, 5…) ಪಟ್ಟಿಯ ಮೇಲೆಯೂ, ಸಮ ಸಂಖ್ಯೆಯವು (2, 4, 6…) ಕೆಳಗೂ ಬರುತ್ತವೆ. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬೆಸ ಎಳೆಗಳು ಮೇಲೆದ್ದು ಮೊದಲನೆಯ ದಾರಿ ತೆರೆಯುತ್ತದೆ. ಎರಡನೆಯ ದಾರಿಗಾಗಿ ಸಮ ಎಳೆಗಳನ್ನು ಬೆಸ ಎಳೆಗಳಿಗಿಂತ ಮೇಲಕ್ಕೆ ತರಬೇಕು. ಕುಣಿಕೆ ಬೇಕಾಗುವುದು ಇದಕ್ಕೇ.

ಪಟ್ಟಿಯನ್ನು ನಿಲ್ಲಿಸಿಯೇ ಕಟ್ಟಲು ತೊಡಗಿದರೆ ಕೆಳಗಿನ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಪಟ್ಟಿಗೂ ನೇಯುವವರಿಗೂ ನಡುವೆ, ಹಾಸಿನ ಮೇಲೆ, ಒಂದು ದುಂಡನೆಯ ಕೋಲನ್ನು ಅಡ್ಡಲಾಗಿ ಇಡಬೇಕು. ಅದರ ಎರಡೂ ತುದಿಗಳಿಗೆ ಒಂದೇ ದಪ್ಪದ ಆಸರೆ ಕೊಟ್ಟು, ಕೆಳಗಿನ ಎಳೆಗಳಿಂದ ಕೋಲಿಗೆ 4ರಿಂದ 5 ಸೆಂಟಿಮೀಟರ್ ಎತ್ತರ ಇರುವಂತೆ ನೋಡಿಕೊಂಡರೆ ಎಲ್ಲ ಕುಣಿಕೆಗಳೂ ತಾವಾಗಿಯೇ ಸಮವಾಗುತ್ತವೆ. ಎರಡು ದಪ್ಪ ಪುಸ್ತಕಗಳೂ ಆದೀತು. ದಾರದ ತುದಿಯನ್ನು ಕೋಲಿನ ಎಡತುದಿಗೆ ಬಿಗಿದು, ಮೇಲಿನ ಎರಡು ಎಳೆಗಳ ಸಂದಿನಿಂದ ಕೆಳಗಿಳಿಸಿ, ಮೊದಲನೆಯ ಸಮ ಎಳೆಯ ಅಡಿಯಿಂದ ಸುತ್ತಿ ಮೇಲೆ ತಂದು, ಕೋಲಿಗೆ ಒಂದು ಸುತ್ತು ಹಾಕಿ ಆ ಸುತ್ತಿನೊಳಗಿಂದಲೇ ದಾರವನ್ನು ಎಳೆದು ಬಿಗಿಯಬೇಕು. ಈ ಅರೆಗಂಟು ಇಲ್ಲದಿದ್ದರೆ ಒಂದು ಕುಣಿಕೆ ಉದ್ದವಾಗಿ ಪಕ್ಕದ್ದು ಗಿಡ್ಡವಾಗುತ್ತದೆ. ಬಳಿಕ ಮುಂದಿನ ಸಮ ಎಳೆ. ಹೀಗೆ ಕೊನೆಯವರೆಗೂ ಒಂದೇ ದಾರದಲ್ಲಿ ಕಟ್ಟಿ ಬಲತುದಿಗೆ ಬಿಗಿಯಬೇಕು. ದಾರವು ಒಮ್ಮೆಯೂ ಬೆಸ ಎಳೆಯನ್ನು ಸುತ್ತಿಕೊಳ್ಳಬಾರದು.

ನೇಯುವಾಗ ಪಟ್ಟಿಯನ್ನು ನಿಲ್ಲಿಸಿ ಒಂದು ಹೊಕ್ಕು ತೂರಿಸುವುದು. ಪಟ್ಟಿಯನ್ನು ಮಲಗಿಸಿ ಹಿಂದಕ್ಕೆ ತಳ್ಳಿ, ಹೆಡಲ್ ಕೋಲನ್ನು ಎತ್ತಿ ಮತ್ತೊಂದು ಹೊಕ್ಕು ತೂರಿಸುವುದು. ಪಟ್ಟಿಯನ್ನು ಹಿಂದಕ್ಕೆ ತಳ್ಳಲು ಮರೆತರೆ ಕೋಲು ಎದ್ದರೂ ದಾರಿ ತೆರೆಯದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಕುಣಿಕೆ ಕಟ್ಟಿದ್ದೇ ತಪ್ಪೆಂದು ಬಿಚ್ಚಿಹಾಕುವುದೂ ಉಂಟು.

ಕಣ್ಣಿರುವ ಹೆಡಲ್

ಎರಡು ಗುಂಪುಗಳನ್ನೂ ಕಾಲಿನಿಂದ ತುಳಿದು ಎತ್ತಿಳಿಸುವ ಮಗ್ಗಕ್ಕೆ ಕೋಲಿಗೆ ಸುತ್ತಿದ ಕುಣಿಕೆ ಸಾಲದು. ಇಲ್ಲಿ ಮೇಲೊಂದು, ಕೆಳಗೊಂದು ಕೋಲಿರುತ್ತದೆ. ಅವುಗಳ ನಡುವೆ ಬಿಡಿಬಿಡಿ ಹೆಡಲ್‌ಗಳು ನಿಂತಿರುತ್ತವೆ. ಪ್ರತಿಯೊಂದರ ನಡುಮಧ್ಯದಲ್ಲಿ ಎಳೆ ತೂರುವ ಕಣ್ಣು ಇರುತ್ತದೆ. ಎಲ್ಲ ಕಣ್ಣುಗಳೂ ಒಂದೇ ಎತ್ತರದಲ್ಲಿ ನಿಲ್ಲಬೇಕು. ಕಣ್ಣಳತೆಯಿಂದ ಇದು ಸಾಧ್ಯವಿಲ್ಲ. ಒಂದು ಅಳತೆ ಹಲಗೆ ಬೇಕು.

ಹಲಗೆಯ ಮೇಲೆ ಒಂದೇ ನೇರದಲ್ಲಿ ತಲೆಯಿಲ್ಲದ ನಾಲ್ಕು ಮೊಳೆಗಳನ್ನು ಹೊಡೆಯಬೇಕು. 25 ಸೆಂಟಿಮೀಟರ್ ಎತ್ತರದ ಹೆಡಲ್‌ಗೆ ಮೊದಲನೆಯ ಮತ್ತು ಕೊನೆಯ ಮೊಳೆಗಳ ನಡುವಣ ಅಂತರ 25 ಸೆಂಟಿಮೀಟರ್. ಒಳಗಿನ ಎರಡು ಮೊಳೆಗಳು ಸರಿಯಾಗಿ ನಡುವಿನಲ್ಲಿ, ಒಂದಕ್ಕೊಂದು 1ರಿಂದ 1.5 ಸೆಂಟಿಮೀಟರ್ ದೂರದಲ್ಲಿ ಇರಬೇಕು. ಈ ಅಂತರವೇ ಕಣ್ಣಾಗುತ್ತದೆ. ಸುಮಾರು 70 ಸೆಂಟಿಮೀಟರ್ ಉದ್ದದ ದಾರವನ್ನು ನಡುವಿನಲ್ಲಿ ಮಡಚಿ ಕೆಳಮೊಳೆಗೆ ಸಿಕ್ಕಿಸಿ, ಎರಡೂ ತುದಿಗಳನ್ನು ಮೇಲಕ್ಕೆಳೆದು ಎರಡನೆಯ ಮೊಳೆಯ ಕೆಳಗೆ ಒಂದು ಗಂಟು ಹಾಕಬೇಕು. ಬಳಿಕ ಒಂದು ತುದಿ ಮೊಳೆಗಳ ಎಡಕ್ಕೆ, ಇನ್ನೊಂದು ಬಲಕ್ಕೆ ಹಾದು ಮೂರನೆಯ ಮೊಳೆಯ ಮೇಲೆ ಮತ್ತೊಂದು ಗಂಟು. ಕೊನೆಗೆ ಮೇಲ್ಮೊಳೆಯನ್ನು ಬಳಸಿ ಮೂರನೆಯ ಗಂಟು.

ಗಂಟಿನ ವಿಷಯದಲ್ಲಿ ರಿಯಾಯಿತಿಯಿಲ್ಲ. ಮೊದಲು ಬಲತುದಿ ಎಡದ ಮೇಲೆ, ಅನಂತರ ಎಡತುದಿ ಬಲದ ಮೇಲೆ ಹಾಕಿದ ರೀಫ್ ಗಂಟೇ ಆಗಬೇಕು. ಎರಡು ಸಲವೂ ಒಂದೇ ಬದಿಯಿಂದ ಹಾಕಿದ ಗಂಟು ನೋಡಲು ಹಾಗೆಯೇ ಇರುತ್ತದೆ, ಆದರೆ ಎಳೆತಕ್ಕೆ ಜಾರುತ್ತದೆ. ಜಾರಿದ ಹೆಡಲ್‌ನ ಕಣ್ಣು ಕೆಳಗಿಳಿದು ಅದರ ಎಳೆ ಉಳಿದವುಗಳೊಂದಿಗೆ ಮೇಲೇಳುವುದಿಲ್ಲ. ಲಾಳಿ ಆ ಎಳೆಯ ಮೇಲೆಯೇ ಹಾದುಹೋಗುತ್ತದೆ.

ಮೇಲಿನ ಲೆಕ್ಕದ 300 ಎಳೆಗಳ ಹಾಸಿಗೆ 300 ಹೆಡಲ್‌ಗಳು, ಅಂದರೆ 210 ಮೀಟರ್ ದಾರ. ಒಂದಕ್ಕೆ ಎರಡು ನಿಮಿಷವೆಂದರೂ 10 ಗಂಟೆಗಳ ಕೆಲಸ. ಒಮ್ಮೆ ಕಟ್ಟಿದವು ಹಲವು ಹಾಸುಗಳಿಗೆ ಬರುತ್ತವೆ.

ಗಂಟಿನ ಕಣ್ಣಿಲ್ಲದ ಇನ್ನೊಂದು ಬಗೆಯೂ ಇದೆ. ಮೇಲಿನ ಕೋಲಿನಿಂದ ಇಳಿದ ಕುಣಿಕೆ ಮತ್ತು ಕೆಳಗಿನ ಕೋಲಿನಿಂದ ಏರಿದ ಕುಣಿಕೆಗಳು ಸರಪಳಿಯ ಎರಡು ಕೊಂಡಿಗಳಂತೆ ಒಂದರೊಳಗೊಂದು ಬೆಸೆದುಕೊಂಡಿರುತ್ತವೆ. ಅವು ಕೂಡುವ ಜಾಗದಲ್ಲಿ ಎಳೆ ಸಿಕ್ಕಿಕೊಂಡಿರುತ್ತದೆ. ಭಾರತದ ಹಳೆಯ ಗುಂಡಿ ಮಗ್ಗಗಳಲ್ಲಿ ಈ ಬಗೆಯ ಕುಣಿಕೆಗಳನ್ನು ಕಾಣಬಹುದು. ಗುಂಡಿ ಮಗ್ಗದಲ್ಲಿ ನೇಕಾರನು ನೆಲಮಟ್ಟದಲ್ಲಿ ಕುಳಿತು ಗುಂಡಿಯೊಳಗೆ ಕಾಲು ಇಳಿಬಿಟ್ಟಿರುತ್ತಾನೆ. ಒಂದು ಕಾಲಿನಿಂದ ತುಳಿದರೆ ಒಂದು ಸಾಲಿನ ಹೆಡಲ್ ಕೆಳಗಿಳಿಯುತ್ತದೆ; ರಾಟೆಯ ಮೇಲೆ ಹಾದ ಹಗ್ಗ ಇನ್ನೊಂದು ಸಾಲನ್ನು ಎತ್ತುತ್ತದೆ. ಎರಡು ಕೈಗಳೂ ಲಾಳಿ ಮತ್ತು ಹಣಿಗೆಗೆ ಬಿಡುವಾಗುತ್ತವೆ. ರೇಷ್ಮೆಯಂತಹ ದಟ್ಟ ಹಾಸಿಗೆ ಎರಡರ ಬದಲು ನಾಲ್ಕು ಸಾಲುಗಳಲ್ಲಿ ಹೆಡಲ್ ಹಂಚುವುದುಂಟು. ಹಾಗೆ ಮಾಡಿದರೆ ಕುಣಿಕೆಗಳ ನೂಕುನುಗ್ಗಲು ತಪ್ಪುತ್ತದೆ.

ತಪ್ಪುಗಳು ಮತ್ತು ದುರಸ್ತಿ

ಕುಣಿಕೆ ಗಿಡ್ಡವಾದರೆ ಒಂದು ಕೋಲಿನ ಮಗ್ಗದಲ್ಲಿ ಮೇಲಿನ ಎಳೆಗಳು ಏಳುವುದಕ್ಕೆ ಕೋಲೇ ಅಡ್ಡಿಯಾಗುತ್ತದೆ. ಉದ್ದವಾದರೆ ಆ ಎಳೆ ಅರ್ಧ ಮಾತ್ರ ಮೇಲೇಳುತ್ತದೆ. ಒಂದು ಕಣ್ಣಿನಲ್ಲಿ ಎರಡು ಎಳೆ ಸೇರಿದರೆ ಬಟ್ಟೆಯ ಉದ್ದಕ್ಕೂ ದಪ್ಪ ಗೆರೆ. ಎರಡು ಹೆಡಲ್‌ಗಳ ಎಳೆಗಳು ಅದಲುಬದಲಾದರೆ ಅಕ್ಕಪಕ್ಕದ ಎಳೆಗಳು ಒಟ್ಟಿಗೇ ಏಳುತ್ತವೆ. ಮೊದಲ ನಾಲ್ಕು ಹೊಕ್ಕುಗಳನ್ನು ಹಾಸಿಗಿಂತ ಬೇರೆ ಬಣ್ಣದ ದಪ್ಪ ನೂಲಿನಲ್ಲಿ ನೇಯ್ದು ನೋಡಿದರೆ ಇವೆಲ್ಲ ಒಡನೆಯೇ ಕಣ್ಣಿಗೆ ಬೀಳುತ್ತವೆ.

ಯಾವುದೋ ಒಂದು ಹೆಡಲ್ ಬಿಟ್ಟುಹೋಗಿದೆಯೆಂದು ಸಾವಿರಾರು ಎಳೆ ತೂರಿಸಿಯಾದ ಮೇಲೆ ತಿಳಿಯಬಹುದು. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ತೂರಿಸಿದರೆ ದಿನಗಳ ದುಡಿಮೆ ಹಾಳು. ಆಗ ಮೇಲಿನ ಕೋಲಿನಿಂದ ಕೆಳಗಿನ ಕೋಲಿಗೆ, ಬಿಟ್ಟುಹೋದ ಎಳೆಯನ್ನು ಒಳಗೊಂಡಂತೆ, ಅಲ್ಲಿಯೇ ಒಂದು ದಾರದ ಹೆಡಲ್ ಕಟ್ಟಿಬಿಡುತ್ತಾರೆ. ತಂತಿಯ ಹೆಡಲ್‌ಗಳಿರುವ ಮಗ್ಗಗಳಲ್ಲಿಯೂ ನೇಕಾರರ ಕೈಯಳತೆಯಲ್ಲಿ ಒಂದು ತುಂಡು ಗಟ್ಟಿದಾರ ಇರುವುದು ಇದಕ್ಕಾಗಿಯೇ. ತಂತಿ ಬಂದ ಮೇಲೂ ದಾರದ ಕುಣಿಕೆ ಮಗ್ಗವನ್ನು ಬಿಟ್ಟುಹೋಗಲಿಲ್ಲ.

ಕರ್ನಾಟಕದಲ್ಲಿ

ಕನ್ನಡ ಸಾಹಿತ್ಯದ ಆರಂಭಕಾಲದ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯ ನೇಕಾರನೆಂದು ಪ್ರಸಿದ್ಧ. ಬಲೆ ನೇಯುವ ಹುಳಕ್ಕೂ ಬಟ್ಟೆ ನೇಯುವವನಿಗೂ ಜೇಡನೆಂಬ ಒಂದೇ ಹೆಸರಿರುವುದು ಗಮನಾರ್ಹ. ದೇವಾಂಗ, ಪದ್ಮಶಾಲಿ, ತೊಗಟ ಮೊದಲಾದ ಸಮುದಾಯಗಳು ಹತ್ತಿ, ರೇಷ್ಮೆಗಳ ನೇಯ್ಗೆಯನ್ನೂ, ಕುರುಬರು ಉಣ್ಣೆಯ ಕಂಬಳಿಯ ನೇಯ್ಗೆಯನ್ನೂ ನಡೆಸಿಕೊಂಡು ಬಂದಿದ್ದಾರೆ.

ಕೋಲಾರವೆಂದರೆ ಈಗ ಚಿನ್ನದ ಗಣಿ, ರೇಷ್ಮೆಗೂಡು, ಟೊಮೆಟೊ, ಮಾವುಗಳು ನೆನಪಾಗುತ್ತವೆ. ಆದರೆ 1911ರ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕದಲ್ಲಿ ಕೋಲಾರ ಪಟ್ಟಣದ ಕಸುಬುಗಳೆಂದು ಹೇಳಿರುವುದು ಕಂಬಳಿ ನೇಯ್ಗೆ ಮತ್ತು ಹೊರಗೆ ಕಳಿಸುವುದಕ್ಕಾಗಿ ಟರ್ಕಿ ಕೋಳಿ ಸಾಕುವುದು ಎಂಬ ಎರಡನ್ನು. ಕಂಬಳಿಯ ಮಗ್ಗದಲ್ಲಿ ಕುಣಿಕೆಗೆ ಬೇರೆಯೇ ಪರೀಕ್ಷೆ. ಕೈಯಲ್ಲಿ ನೂತ ಕುರಿಯ ಉಣ್ಣೆ ಜುಂಗು ಜುಂಗಾಗಿದ್ದು ಎಳೆಗೆ ಎಳೆ ಅಂಟುತ್ತದೆ; ಕೋಲು ಎತ್ತಿದರೂ ದಾರಿ ಸಲೀಸಾಗಿ ತೆರೆಯುವುದಿಲ್ಲ. ಆದ್ದರಿಂದ ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚಿ, ಕುಂಚದಿಂದ ಉಜ್ಜಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಜುಂಗು ಅಂಟಿಕೊಂಡು ಎಳೆ ಬಿರುಸಾಗುತ್ತದೆ, ಕುಣಿಕೆಯಲ್ಲಿ ಜಾರುತ್ತದೆ. ಹೊಕ್ಕನ್ನು ಬಡಿಯಲು ಮರದ ಕತ್ತಿಯಂತಹ ಪಟ್ಟಿಯನ್ನು ಬಳಸುವುದೂ ಉಂಟು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಇಂದಿಗೂ ಕಂಬಳಿಗೆ ಹೆಸರಾದ ಊರು.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮಹಿಳೆಯರು ನೇಯುವ ಜಮಖಾನಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಇಲ್ಲಿಯ ಮಗ್ಗ ಲಂಬವಾಗಿ ನಿಂತಿರುವಂಥದ್ದು. ಆದ್ದರಿಂದ ಎಳೆಗಳನ್ನು ಮೇಲೆತ್ತುವ ಬದಲು ಮುಂದಕ್ಕೆಳೆಯಬೇಕಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕುಣಿಕೆಗಳ ಮೂಲಕ ಬೆಸೆಯುವ ಕೊಂಡಿ ವಿಧಾನ ಪ್ರಸಿದ್ಧವಾದುದು. ಅಲ್ಲಿಯ ಕೊಂಡಿಗಳು ಹಾಸಿನ ಎಳೆಗಳೇ, ಹೆಡಲ್ ಅಲ್ಲ.

1985ರ ಕೈಮಗ್ಗ ಮೀಸಲು ಕಾಯಿದೆಯ ಅಡಿಯಲ್ಲಿ ಕೆಲವು ಬಟ್ಟೆಗಳ ತಯಾರಿಕೆಯನ್ನು ಕೈಮಗ್ಗಕ್ಕೆಂದೇ ಕಾಯ್ದಿರಿಸಲಾಗಿದೆ. ನಿಗದಿತ ಲಕ್ಷಣಗಳುಳ್ಳ ಕಂಬಳಿ ಮತ್ತು ಜಮಖಾನ ಎರಡೂ ಈ ಪಟ್ಟಿಯಲ್ಲಿವೆ.

ಎಳೆ ತೂರಿಸುವವರು

ಮುಗಿದ ಹಾಸನ್ನು ಮಗ್ಗದಿಂದ ಪೂರ್ತಿ ಬಿಡಿಸುವುದಿಲ್ಲ. ಹೆಡಲ್ ಮತ್ತು ಹಣಿಗೆಯೊಳಗೆ ಹಳೆಯ ಎಳೆಗಳ ತುದಿಗಳನ್ನು ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆದು ಜೋಡಿಸುತ್ತಾರೆ. ಜೋಡಿಸಿದ ಹಾಸನ್ನು ಎಳೆದರೆ ಕಣ್ಣುಗಳ ಮೂಲಕ ಹೊಸ ಎಳೆಗಳು ತಾವಾಗಿ ಬರುತ್ತವೆ. ಮರಳಿ ತೂರಿಸುವ ಕೆಲಸವಿಲ್ಲ. ಸೀರೆಯ ಹಾಸಿನಲ್ಲಿ ಎಳೆಗಳು ಸಾವಿರಗಳ ಲೆಕ್ಕದಲ್ಲಿರುತ್ತವೆ. ಬಗ್ಗಿ ಕುಳಿತು, ಕಣ್ಣು ಕೀಲಿಸಿ ಈ ಜೋಡಣೆ ಮಾಡುವವರು ಬಹಳ ಮಟ್ಟಿಗೆ ಮನೆಯ ಹೆಂಗಸರು ಮತ್ತು ಹಿರಿಯರು. ನೇಕಾರನಿಗೆ ಕೂಲಿ ಸಿಗುವುದು ನೇಯ್ದ ಸೀರೆಗೆ ಅಥವಾ ಮೊಳಕ್ಕೆ. ನೇಯ್ಗೆಗೆ ಮುನ್ನ ನಡೆಯುವ ಈ ಮನೆಗೆಲಸ ಅನೇಕ ಕಡೆ ಪ್ರತ್ಯೇಕ ಕೂಲಿಯಾಗಿ ಲೆಕ್ಕಕ್ಕೆ ಬರುವುದೇ ಇಲ್ಲ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ದೇಶದ ಸುಮಾರು 35.2 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಮಹಿಳೆಯರೆಂದು ದಾಖಲಾಯಿತು. ಮಗ್ಗವೆಂದೊಡನೆ ಲಾಳಿ ಹಿಡಿದ ಗಂಡಸಿನ ಚಿತ್ರವನ್ನೇ ಅಚ್ಚು ಹಾಕುವ ಪಠ್ಯಪುಸ್ತಕಗಳು ಈ ಅಂಕಿಯನ್ನು ಗಮನಿಸಬೇಕಾಗಿದೆ.

ಶಾಲೆಗಳಲ್ಲಿ

1937ರ ವಾರ್ಧಾ ಸಮ್ಮೇಳನದ ಬಳಿಕ ಜಾಕಿರ್ ಹುಸೇನ್ ಸಮಿತಿ ರೂಪಿಸಿದ ಮೂಲಶಿಕ್ಷಣ ಯೋಜನೆಯಲ್ಲಿ ನೂಲುವುದು ಮತ್ತು ನೇಯುವುದು ಕಲಿಕೆಯ ಕೇಂದ್ರದಲ್ಲಿದ್ದವು. ಇಂದು ಕಾರ್ಯಾನುಭವದ ಅವಧಿಯಲ್ಲಿ ಮಕ್ಕಳು ರಟ್ಟಿನ ಮಗ್ಗದಲ್ಲಿ ಸೂಜಿಯಿಂದ ನೇಯುವುದುಂಟು. ಅಂಗೈಯಗಲ ಮುಗಿಯುವಷ್ಟರಲ್ಲಿ ಬೇಸರವಾಗಿ ಬಿಟ್ಟುಬಿಡುವುದೂ ಉಂಟು. 20 ಸೆಂಟಿಮೀಟರ್ ಅಗಲದ ಮರದ ಚೌಕಟ್ಟಿಗೆ ಸೆಂಟಿಮೀಟರಿಗೆ 4ರಂತೆ 80 ಎಳೆ ಬಿಗಿದರೆ ಕಟ್ಟಬೇಕಾದ ಕುಣಿಕೆಗಳು 40 ಮಾತ್ರ. ಸಮ ಮತ್ತು ಬೆಸ ಸಂಖ್ಯೆಗಳನ್ನು ಕಲಿತ ಮಗುವಿಗೆ ಅದು ಒಂದೆರಡು ಅವಧಿಗಳ ಕೆಲಸ. ಸೂಜಿಯಿಂದ ಹತ್ತು ಸಾಲು ನೇಯಿಸಿ, ಆಮೇಲೆ ಅದೇ ಹಾಸಿಗೆ ಹೆಡಲ್ ಕಟ್ಟಿಸಿ ಮತ್ತೆ ಹತ್ತು ಸಾಲು ನೇಯಿಸುವ ಕ್ರಮ ಉತ್ತಮ. ಎರಡಕ್ಕೂ ಹಿಡಿದ ಸಮಯವನ್ನು ಮಕ್ಕಳೇ ಗಡಿಯಾರ ನೋಡಿ ಬರೆದುಕೊಳ್ಳಬಹುದು.